ಅಗೆಯುವ ಮಡಿ: ಆಲೂರು ತಾಲ್ಲೂಕಿನ ಒಂದು ಅಂಗನವಾಡಿಯ ಪ್ರಕರಣ ಅಧ್ಯಯನ

ಕಾಳು ಬಿತ್ತಿದ ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಜಗಲಿಯ ಮೇಲಿಟ್ಟಿದ್ದ ಹದಿನೆಂಟು ತೆಂಗಿನ ಚಿಪ್ಪುಗಳಲ್ಲಿ ಏಳು ಬುಡಮೇಲಾಗಿದ್ದವು. ಮಣ್ಣು ನೆಲದ ತುಂಬ ಚೆಲ್ಲಿತ್ತು. ನಾಲ್ಕು ವರ್ಷದ ಹುಡುಗನೊಬ್ಬ ಒದ್ದೆಯಾದ ಅಲಸಂದೆ ಕಾಳೊಂದನ್ನು ಅಂಗೈಯಲ್ಲಿಟ್ಟುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ‘ಇನ್ನೂ ಏನೂ ಆಗಿಲ್ಲ’ ಎಂದ. ಕಾಳನ್ನು ಮತ್ತೆ ಮಣ್ಣಿಗೆ ತುರುಕಿ ಬೆರಳಿನಿಂದ ಒತ್ತಿದ. ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಬಂದು ಮತ್ತೊಮ್ಮೆ ಅಗೆದ.

ನಾನು ಗದರಿದೆ. ‘ಹೀಗೆ ದಿನಾ ಅಗೆದರೆ ಗಿಡ ಹುಟ್ಟುವುದು ಹೇಗೆ? ಇನ್ನು ಯಾರೂ ಚಿಪ್ಪು ಮುಟ್ಟಬಾರದು’ ಎಂದೆ. ಆ ಗದರಿಕೆಯಿಂದ ಹಿಡಿದು ಮುಂದಿನ ಮೂರು ತಿಂಗಳು ನಮ್ಮಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತೆಯೇ ಒಂದೇ ಕೋಣೆ, ಒಂದು ಜಗಲಿ, ಮೂರರಿಂದ ಆರು ವರ್ಷದವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡಿರುವ ಕಾರ್ಯಕರ್ತೆಯರಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮ ಊರು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿದೆ. ಒಂದು ಕಡೆ ಹಾಸನದ ಬಯಲು, ಇನ್ನೊಂದು ಕಡೆ ಸಕಲೇಶಪುರದ ಮಲೆನಾಡು. ಆಲೂಗಡ್ಡೆ, ಮೆಕ್ಕೆಜೋಳ, ಶುಂಠಿ, ಭತ್ತ, ಸ್ವಲ್ಪ ಮೇಲೆ ಹೋದರೆ ಕಾಫಿ. ಎಂದರೆ, ಮಕ್ಕಳು ಬೆಳೆಯ ನಡುವೆಯೇ ಹುಟ್ಟಿ ಬೆಳೆದವರು. ಅವರಿಗೆ ಗಿಡದ ಬಗ್ಗೆ ಹೇಳಿಕೊಡುವುದು ಸುಲಭ ಎಂದು ನಾನು ಹತ್ತೊಂಬತ್ತು ವರ್ಷ ನಂಬಿದ್ದೆ.

ಈ ಬರಹದಲ್ಲಿ ಯಾವ ಮಗುವಿನ ಹೆಸರೂ ಇಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಓದು ಬಾರದ ಮಕ್ಕಳಿಗೆ ತಮ್ಮ ಚಿಪ್ಪು ಯಾವುದೆಂದು ತಿಳಿಯಲಿ ಎಂದು ಒಂದೊಂದರ ಮೇಲೂ ಬಣ್ಣದಲ್ಲಿ ಒಂದೊಂದು ಚಿತ್ರ ಬರೆದಿದ್ದೆ: ಮೀನು, ಕೊಡೆ, ಚಂದ್ರ, ಏಣಿ, ಗಾಳಿಪಟ. ಅಗೆಯುತ್ತಿದ್ದವನ ಚಿಪ್ಪಿನ ಮೇಲೆ ಮೀನಿತ್ತು. ಅವನನ್ನು ಮೀನಿನ ಹುಡುಗ ಎಂದೇ ಕರೆಯುತ್ತೇನೆ.

ಕಾಳು ಬೇರೆ, ಬೀಜ ಬೇರೆ

ಪ್ರತಿ ವರ್ಷ ನಾನು ಮಾಡುತ್ತಿದ್ದುದು ಇಷ್ಟು. ಗೋಡೆಯ ಮೇಲೆ ಬೀಜ, ಮೊಳಕೆ, ಸಸಿ, ಗಿಡ, ಮರ ಎಂಬ ಐದು ಚಿತ್ರಗಳ ಪಟ. ಮಕ್ಕಳು ಅದನ್ನು ರಾಗವಾಗಿ ಹೇಳುತ್ತಿದ್ದರು. ತಟ್ಟೆಯಲ್ಲಿ ಒದ್ದೆ ಹತ್ತಿ, ಅದರ ಮೇಲೆ ಒಂದು ಹಿಡಿ ಹೆಸರುಕಾಳು. ಮೂರನೆಯ ದಿನ ಮೊಳಕೆ ತೋರಿಸಿ ಮುಗಿಸುತ್ತಿದ್ದೆ. ಮೇಲ್ವಿಚಾರಕಿ ಬಂದಾಗ ಮಕ್ಕಳು ಐದು ಚಿತ್ರಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಅಷ್ಟಕ್ಕೆ ನನಗೆ ತೃಪ್ತಿಯಾಗುತ್ತಿತ್ತು.

ಈ ವರ್ಷ ಮೃಗಶಿರಾ ಮಳೆ ಹಿಡಿದುಕೊಂಡಿದ್ದ ಒಂದು ದಿನ, ಹೊರಗೆ ಆಡಲು ಬಿಡಲಾಗದೆ, ಬಟ್ಟಲಿನಲ್ಲಿ ಹೆಸರುಕಾಳು, ಅಲಸಂದೆ, ಹುರುಳಿ ಸುರಿದು ಮಕ್ಕಳ ನಡುವೆ ಇಟ್ಟೆ. ‘ಇದೇನು?’ ಎಂದೆ. ‘ಕಾಳು.’ ‘ಏನು ಮಾಡುತ್ತಾರೆ?’ ‘ಸಾರು.’ ‘ಇದರಿಂದ ಗಿಡ ಬರುತ್ತದೆಯೇ?’ ಬಹಳ ಮಕ್ಕಳು ಇಲ್ಲವೆಂದು ತಲೆಯಾಡಿಸಿದರು. ಕೊಡೆಯ ಹುಡುಗಿ, ಐದು ವರ್ಷದವಳು, ನನಗೇ ತಿಳಿಹೇಳಿದಳು: ‘ಗಿಡ ಬರುವುದು ಬೀಜದಿಂದ ಟೀಚರ್. ಇದು ಕಾಳು.’

ಅವಳ ಪಕ್ಕದಲ್ಲೇ ಗೋಡೆಯ ಮೇಲೆ ಆ ಪಟ ತೂಗುತ್ತಿತ್ತು.

ಮನೆಗೆ ಹೋಗಿ ಯೋಚಿಸಿದ ಮೇಲೆ ಅವಳ ಮಾತು ನ್ಯಾಯವಾದದ್ದೇ ಎನಿಸಿತು. ಅಪ್ಪ ಅಂಗಡಿಯಿಂದ ಚೀಲದಲ್ಲಿ ತಂದು ಹೊಲಕ್ಕೆ ಒಯ್ಯುವುದು ಬೀಜ. ಅಮ್ಮ ಡಬ್ಬಿಯಿಂದ ತೆಗೆದು ನೆನೆಹಾಕುವುದು ಕಾಳು. ನಾವು ಆಡುವ ಮಾತೇ ಅವೆರಡನ್ನೂ ಬೇರೆ ಮಾಡಿದೆ. ಗದ್ದೆಯಲ್ಲಿ ಭತ್ತ, ಮೂಟೆಯಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ. ದೊಡ್ಡವರಿಗೆ ಇವು ಒಂದೇ ದಾರಿಯ ಮೂರು ನಿಲ್ದಾಣಗಳು. ಮಗುವಿಗೆ ಮೂರು ಬೇರೆ ಬೇರೆ ವಸ್ತುಗಳು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳೊಂದಿಗೆ ಮಾತನಾಡಿ ಕಂಡುಕೊಂಡ ಸಂಗತಿಯೊಂದಿದೆ: ಚಿಕ್ಕ ಮಕ್ಕಳು ಚಲಿಸುವುದಕ್ಕೆ ಜೀವವಿದೆ ಎಂದು ಎಣಿಸುತ್ತಾರೆ. ಸೂರ್ಯನಿಗೆ, ಮೋಡಕ್ಕೆ, ಸೈಕಲ್ಲಿಗೆ ಜೀವವಿದೆ ಎನ್ನುತ್ತಾರೆ. ನಮ್ಮ ಮಕ್ಕಳನ್ನು ಕೇಳಿದಾಗಲೂ ಹಾಗೆಯೇ ಆಯಿತು. ಹಾಸನದ ಬಸ್ಸಿಗೆ ಜೀವವಿತ್ತು, ಬಟ್ಟಲಿನಲ್ಲಿದ್ದ ಅಲಸಂದೆಗೆ ಇರಲಿಲ್ಲ.

ಹಾಗಾಗಿ ಈ ಸಲ ನನ್ನ ಗುರಿ ಒಂದೇ ಆಯಿತು. ಐದು ಹೆಸರು ಬಾಯಿಪಾಠವಾಗದಿದ್ದರೂ ಚಿಂತೆಯಿಲ್ಲ. ಸಾರಿಗೆ ಹಾಕುವ ಕಾಳೇ ಗಿಡವಾಗುವ ಬೀಜ ಎಂಬುದು ಮಗುವಿನ ಕೈಗೆ ಗೊತ್ತಾಗಬೇಕು.

ಗದರಿದ ಮೇಲೆ

ಆರಿದ್ರಾ ಮಳೆ ಶುರುವಾದ ವಾರ ಚಿಪ್ಪುಗಳಿಗೆ ಮಣ್ಣು ತುಂಬಿ ಮಕ್ಕಳ ಕೈಯಲ್ಲೇ ಅಲಸಂದೆ ಹಾಕಿಸಿದೆ. ಅಲಸಂದೆಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಕಾಳು ದಪ್ಪ, ಮಗುವಿನ ಬೆರಳಿಗೆ ಸಿಗುತ್ತದೆ. ಮೊಳಕೆಯೊಡೆಯುವಾಗ ಅದರ ಎರಡು ಬೇಳೆಗಳೂ ಮಣ್ಣಿನಿಂದ ಮೇಲೆದ್ದು ಬರುತ್ತವೆ. ಎಂದರೆ ತಾನು ಹೂತ ಕಾಳನ್ನೇ ಮಗು ಗಿಡದ ತಲೆಯ ಮೇಲೆ ಮತ್ತೆ ನೋಡಬಹುದು. ಕಡಲೆ, ತೊಗರಿ ಹಾಗಲ್ಲ. ಅವುಗಳ ಬೇಳೆ ಮಣ್ಣಿನೊಳಗೇ ಉಳಿದುಬಿಡುತ್ತದೆ.

ಅಗೆಯಬಾರದು ಎಂದು ನಾನು ಗದರಿದ ಮೇಲೆ ಮಕ್ಕಳು ನಿಜವಾಗಿಯೂ ಅಗೆಯಲಿಲ್ಲ. ಆದರೆ ನೋಡುವುದನ್ನೂ ಬಿಟ್ಟರು. ಮೂರನೆಯ ದಿನಕ್ಕೆ ಜಗಲಿಯ ಕಡೆ ಯಾರೂ ಸುಳಿಯಲಿಲ್ಲ. ಮೀನಿನ ಹುಡುಗ ಮೂಲೆಯಲ್ಲಿ ಗಾಲಿ ಉರುಳಿಸುತ್ತ ಕೂತಿದ್ದ. ನೀರು ಹಾಕಲು ಕರೆದರೆ ಬಂದು, ಸುರಿದು, ಹೋದ. ನನ್ನ ಹದಿನೆಂಟು ಚಿಪ್ಪುಗಳು ಯಾರಿಗೂ ಬೇಡದ ಹದಿನೆಂಟು ಹಿಡಿ ಮಣ್ಣಾಗಿ ಕೂತಿದ್ದವು. ಅದನ್ನು ಕಂಡಾಗ ನನಗೆ ಆದ ಸಂಕಟ ಸಣ್ಣದಲ್ಲ.

ದಾರಿ ತೋರಿಸಿದವರು ನಮ್ಮ ಸಹಾಯಕಿ. ಸಂಜೆ ಲೋಟ ತೊಳೆಯುತ್ತ ಹೇಳಿದರು: ‘ರಾಗಿ ಬಿತ್ತಿದ ಮೂರನೆಯ ದಿನಕ್ಕೆ ನಮ್ಮ ಮಾವ ಹೊಲಕ್ಕೆ ಹೋಗಿ ಒಂದು ಕಡೆ ಮಣ್ಣು ಕೆದಕಿ ನೋಡಿಕೊಂಡೇ ಬರುತ್ತಾರೆ ಟೀಚರ್. ಮೊಳೆತಿದೆಯೋ ಇಲ್ಲವೋ ತಿಳಿಯದೆ ಅವರಿಗೆ ಊಟ ಸೇರುವುದಿಲ್ಲ. ಆ ಹುಡುಗ ಮಾಡಿದ್ದೂ ಅದನ್ನೇ ತಾನೇ?’

ಅರವತ್ತು ದಾಟಿದ ರೈತ ಮಾಡಿದರೆ ಅದು ಬೇಸಾಯದ ತಿಳಿವಳಿಕೆ, ನಾಲ್ಕು ವರ್ಷದ ಮಗು ಮಾಡಿದರೆ ತಂಟೆ. ನಾನು ಹಾಗೆ ಭಾವಿಸಿದ್ದು ತಪ್ಪು. ಆದರೆ ಹುಡುಗನ ಅಗೆತದಲ್ಲಿ ಒಂದು ತೊಂದರೆ ಇದ್ದದ್ದೂ ನಿಜ: ಅವನ ಬಳಿ ಇದ್ದದ್ದು ಒಂದೇ ಕಾಳು. ರೈತ ಕೆದಕಿದ ಜಾಗದ ಸುತ್ತ ಸಾವಿರಾರು ಕಾಳುಗಳಿವೆ. ಹುಡುಗನಿಗೆ ಬೇಕಾಗಿದ್ದದ್ದು ಬುದ್ಧಿವಾದವಲ್ಲ, ಇನ್ನಷ್ಟು ಕಾಳು.

ಮರುದಿನ ಹಣ್ಣಿನ ಅಂಗಡಿಯಿಂದ ಹಳೆಯ ಮರದ ಪೆಟ್ಟಿಗೆಯೊಂದನ್ನು ತಂದೆವು. ಒಳಗೆ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಹನ್ನೆರಡು ಸಾಲು, ಸಾಲಿಗೆ ಮೂರರಂತೆ ಮೂವತ್ತಾರು ಕಾಳು. ಸಾಲಿನ ತುದಿಗೆ ಒಂದೊಂದು ಐಸ್‌ಕ್ರೀಮ್ ಕಡ್ಡಿ ನೆಟ್ಟೆವು. ಮಕ್ಕಳನ್ನು ಸುತ್ತ ಕೂರಿಸಿ ಹೇಳಿದೆ: ‘ಚಿಪ್ಪಿನಲ್ಲಿರುವುದು ಬೆಳೆಯುವ ಕಾಳು. ಅದನ್ನು ಯಾರೂ ಅಗೆಯುವುದಿಲ್ಲ. ಇದು ಅಗೆಯುವ ಮಡಿ. ದಿನಕ್ಕೆ ಒಂದು ಸಾಲು ಅಗೆಯೋಣ.’ ಮೀನಿನ ಹುಡುಗ ತಲೆಯೆತ್ತಿ ನನ್ನ ಮುಖ ನೋಡಿದ. ‘ನಿಜವಾಗಿಯೂ ಅಗೆಯಬಹುದಾ ಟೀಚರ್?’ ಎಂದು ಎರಡು ಸಲ ಕೇಳಿದ.

ಹನ್ನೆರಡು ಬೆಳಗು

ಪ್ರತಿದಿನ ಪ್ರಾರ್ಥನೆ ಮುಗಿದ ಮೇಲೆ ಮೂವರು ಮಕ್ಕಳ ಸರದಿ. ಸ್ಟೀಲ್ ಚಮಚದಿಂದ ಅಗೆದು, ಬಟ್ಟಲಿನ ನೀರಿನಲ್ಲಿ ತೊಳೆದು, ಬಿಳಿ ತಟ್ಟೆಯ ಮೇಲಿಟ್ಟು ಎಲ್ಲರೂ ನೋಡುವುದು. ಒಂದನ್ನು ಒಣಗಿಸಿ ರಟ್ಟಿನ ಮೇಲೆ ಸಾಲಾಗಿ ಅಂಟಿಸುವುದು. ಉಳಿದ ಎರಡನ್ನು ಮಕ್ಕಳು ಬಿಡಿಸಿ, ಚಿವುಟಿ, ಏನು ಬೇಕಾದರೂ ಮಾಡಬಹುದು.

ಮೊದಲ ದಿನ ಕಾಳು ಉಬ್ಬಿತ್ತು, ಸಿಪ್ಪೆ ಸುಕ್ಕಾಗಿತ್ತು. ‘ಅಜ್ಜಿಯ ಕೈ’ ಎಂದಳು ಚಂದ್ರನ ಹುಡುಗಿ. ಎರಡನೆಯ ದಿನ ಸುಕ್ಕು ಹೋಗಿ ಸಿಪ್ಪೆ ಬಿಗಿಯಾಗಿತ್ತು. ಮೂರನೆಯ ದಿನ ಕಾಳಿನ ಕಪ್ಪು ಕಣ್ಣಿನ ಹತ್ತಿರ ಸಿಪ್ಪೆ ಸೀಳಿ, ಬಿಳಿಯ ಮೊನೆಯೊಂದು ಹೊರಗೆ ಇಣುಕಿತ್ತು. ಮೀನಿನ ಹುಡುಗ ‘ಬಾಲ ಬಂತು!’ ಎಂದು ಕೂಗಿದ ಕೂಗಿಗೆ ಒಳಗೆ ಅಡುಗೆ ಮಾಡುತ್ತಿದ್ದ ಸಹಾಯಕಿಯೂ ಓಡಿಬಂದರು. ಅದು ಬೇರು ಎಂದು ನಾನು ಆಗ ಹೇಳಲಿಲ್ಲ. ನಾಲ್ಕನೆಯ ದಿನ ಬಾಲ ಉದ್ದವಾಗಿ ಕೆಳಗೆ ಹೋಗಿತ್ತು. ತೊಳೆದರೂ ಮಣ್ಣಿನ ಕಣ ಬಿಡಲಿಲ್ಲ. ‘ಇದು ಮಣ್ಣನ್ನು ಹಿಡಿದುಕೊಂಡಿದೆ’ ಎಂದ ಏಣಿಯ ಹುಡುಗ. ಆಗ ಬೇರು ಎಂಬ ಮಾತನ್ನು ಕೊಟ್ಟೆ. ವಸ್ತು ಕಣ್ಣಮುಂದೆ ಇದ್ದು, ಅದಕ್ಕೆ ಹೆಸರು ಬೇಕು ಎನಿಸಿದ ಗಳಿಗೆಯಲ್ಲಿ ಸಿಕ್ಕ ಮಾತು ಉಳಿಯುತ್ತದೆ. ಆ ದಿನದಿಂದ ಯಾರೂ ಬೇರಿಗೆ ಬಾಲ ಎನ್ನಲಿಲ್ಲ.

ಆರನೆಯ ಬೆಳಗು ನನಗೆ ಮರೆಯಲಾಗದ್ದು. ಅಗೆಯುವ ಮೊದಲೇ ಮಡಿಯ ಮೇಲೆ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಎಲೆ ಇರಲಿಲ್ಲ, ತಲೆ ಇರಲಿಲ್ಲ. ಗೂನುಬೆನ್ನಿನಂತೆ ಬಾಗಿದ ತಿಳಿಹಸಿರು ದಂಟು ಮಾತ್ರ ಕಾಣುತ್ತಿತ್ತು. ‘ಇದು ಯಾಕೆ ತಲೆ ತಗ್ಗಿಸಿಕೊಂಡಿದೆ?’ ಎಂದು ಕೊಡೆಯ ಹುಡುಗಿ ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಆದರೂ ಮರಳು ತುಂಬಿದ ಬಕೆಟ್ಟು ತಂದು, ಅವಳ ಕೈಯನ್ನು ಮರಳಿನೊಳಗೆ ಹೂತು, ‘ಬೆರಳು ನೆಟ್ಟಗೆ ಮಾಡಿ, ಬಿಡಿಸಿಕೊಂಡು ಮೇಲೆ ಬಾ’ ಎಂದೆ. ಮರಳು ಉಗುರಿನ ಸಂದಿಗೆ ಹೊಕ್ಕಿತು, ಬೆರಳುಗಳು ಅಗಲವಾಗಿ ನೋವಾಯಿತು. ‘ಈಗ ಬೆರಳು ಮಡಚಿ, ಗೆಣ್ಣನ್ನು ಮೇಲೆ ಮಾಡಿ ಬಾ.’ ಗೆಣ್ಣು ಮರಳನ್ನು ಸೀಳಿಕೊಂಡು ಸುಲಭವಾಗಿ ಮೇಲೆ ಬಂತು. ಅವಳು ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು. ‘ಒಳಗೆ ಎಲೆ ಮರಿ ಇದೆ. ಹರಿದುಹೋಗಬಾರದು ಅಂತ’ ಎಂದಳು. ಹೈಸ್ಕೂಲಿನ ಪುಸ್ತಕದಲ್ಲಿ ನಾನು ಓದಿದ್ದ ಕಾರಣವೂ ಅದೇ: ಬಾಗಿದ ದಂಟು ಮಣ್ಣನ್ನು ತಳ್ಳುತ್ತದೆ, ಎಳೆಯ ಎಲೆಗಳು ಹಿಂದಿನಿಂದ ಸುರಕ್ಷಿತವಾಗಿ ಬರುತ್ತವೆ. ಅದರ ನಂತರ ಹದಿನೆಂಟು ಮಕ್ಕಳೂ ಬಕೆಟ್ಟಿಗೆ ಸಾಲುಗಟ್ಟಿದರು. ಆ ದಿನ ಬೇರೆ ಯಾವ ಪಾಠವೂ ನಡೆಯಲಿಲ್ಲ.

ಹನ್ನೆರಡನೆಯ ದಿನದ ಹೊತ್ತಿಗೆ ಎರಡು ಬೇಳೆಗಳು ಸೊರಗಿ ಸುರುಟಿಕೊಂಡಿದ್ದವು, ಮೇಲೆ ನಿಜವಾದ ಎಲೆಗಳು ಅಗಲವಾಗಿದ್ದವು. ‘ಕಾಳು ಗಿಡಕ್ಕೆ ಊಟ ಕೊಟ್ಟು ಖಾಲಿಯಾಯಿತು’ ಎಂದು ನಾನು ಹೇಳಿದಾಗ ಮಕ್ಕಳು ರಟ್ಟಿನ ಮೇಲಿನ ಸಾಲನ್ನು ಬೆರಳಿನಿಂದ ಹಿಂದಕ್ಕೆ ಸವರಿಕೊಂಡು ಹೋಗಿ ಮೊದಲ ದಿನದ ಕಾಳನ್ನು ಮುಟ್ಟಿದರು. ಗೋಡೆಯ ಪಟದಲ್ಲಿ ಐದು ಚಿತ್ರಗಳಿದ್ದವು, ನಡುವೆ ಏನಾಯಿತು ಎಂಬುದಿರಲಿಲ್ಲ. ಮೀನಿನ ಹುಡುಗ ಮೊದಲ ದಿನದಿಂದ ಕೇಳುತ್ತಿದ್ದದ್ದು ಆ ನಡುವಿನದನ್ನೇ.

ಬೇಳೆ ಹುಟ್ಟಲಿಲ್ಲ, ಭತ್ತ ಹುಟ್ಟಿತು

ಮುಂದಿನ ವಾರ ‘ಇನ್ನೇನು ಬಿತ್ತೋಣ?’ ಎಂದು ಮಕ್ಕಳನ್ನೇ ಕೇಳಿದೆ. ಅಡುಗೆ ಕೋಣೆಯಿಂದ ಅವರು ಆರಿಸಿದ್ದು: ಹೆಸರುಕಾಳು, ಹೆಸರುಬೇಳೆ, ಸಾರಿನಿಂದ ತೆಗೆದ ಬೆಂದ ಕಾಳು, ಕಡಲೆಕಾಳು, ಹುರಿಗಡಲೆ, ಅಕ್ಕಿ. ಗಾಳಿಪಟದ ಹುಡುಗ ಮನೆಯಿಂದ ಒಂದು ಹಿಡಿ ಭತ್ತ ತಂದ. ಒಬ್ಬಳು ಬೆಲ್ಲವನ್ನೂ ಬಿತ್ತಬೇಕೆಂದಳು, ಬಿತ್ತಿದೆವು. ಯಾವುದು ಹುಟ್ಟುತ್ತದೆ ಎಂದು ಮೊದಲೇ ಊಹಿಸಿ, ಆ ಚಿಪ್ಪಿನ ಮುಂದೆ ಒಂದೊಂದು ಹುಣಸೆಬೀಜ ಇಡಲು ಹೇಳಿದೆ. ಅಕ್ಕಿಯ ಮುಂದೆ ರಾಶಿಯೇ ಬಿತ್ತು.

ಬೆಲ್ಲವನ್ನು ಇರುವೆಗಳು ಒಯ್ದವು. ಹೆಸರುಕಾಳು, ಕಡಲೆಕಾಳು, ಭತ್ತ ಮೊಳೆತವು. ಬೇಳೆ, ಬೆಂದ ಕಾಳು, ಹುರಿಗಡಲೆ ಕೊಳೆತು ನಾತ ಬಂದವು. ಅಕ್ಕಿಯೂ ಹುಟ್ಟಲಿಲ್ಲ. ಮಕ್ಕಳಿಗೆ ಇದನ್ನು ನಂಬುವುದೇ ಕಷ್ಟವಾಯಿತು. ಇನ್ನೊಮ್ಮೆ ಹಾಕೋಣ ಎಂದರು, ಹಾಕಿದೆವು. ಮತ್ತೆ ಇಲ್ಲ.

ನೆನೆದ ಕಡಲೆಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ ತೋರಿಸಿದೆ. ತುದಿಯಲ್ಲಿ, ಎರಡು ಬೇಳೆಗಳ ನಡುವೆ, ಸಾಸಿವೆಯಷ್ಟು ಪುಟ್ಟ ಮೊಳಕೆ ಮಲಗಿರುತ್ತದೆ. ಮಕ್ಕಳು ಅದಕ್ಕೆ ಮರಿ ಎಂದರು, ನಾನೂ ಹಾಗೆಯೇ ಕರೆದೆ. ಬೇಳೆ ಒಡೆಯುವಾಗ ಮರಿ ಮುರಿದು ಉದುರಿಹೋಗುತ್ತದೆ. ಗಿರಣಿಯಲ್ಲಿ ಭತ್ತದ ಹೊಟ್ಟು ತೆಗೆದು ಅಕ್ಕಿಗೆ ಪಾಲಿಶ್ ಕೊಡುವಾಗ ತೌಡಿನ ಜೊತೆಗೆ ಮರಿಯೂ ಹೋಗುತ್ತದೆ. ಬೇಯಿಸಿದರೆ, ಹುರಿದರೆ ಶಾಖಕ್ಕೆ ಸಾಯುತ್ತದೆ. ಅಕ್ಕಿಕಾಳಿನ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುವುದನ್ನು ಗಮನಿಸಿದ್ದೀರಾ? ಮರಿ ಕೂತಿದ್ದ ಜಾಗ ಅದು. ಅದನ್ನು ಮಕ್ಕಳಿಗೆ ತೋರಿಸಲು ಅಕ್ಕಿ ಆರಿಸುವ ಮೊರವನ್ನೇ ಮುಂದಿಟ್ಟೆ. ಅರ್ಧ ಗಂಟೆ ಸದ್ದೇ ಇರಲಿಲ್ಲ.

ನನ್ನ ಮಟ್ಟಿಗೆ ಇಡೀ ಮೂರು ತಿಂಗಳ ಮುಖ್ಯ ಘಟ್ಟ ಇದು. ಕಾಳು ಮತ್ತು ಬೀಜ ಒಂದೇ ಎಂದು ನಾನು ಬಾಯಲ್ಲಿ ಹೇಳಿದ್ದರೆ ಅದು ಅರ್ಧ ಸತ್ಯವಾಗುತ್ತಿತ್ತು. ಎಲ್ಲಿಯವರೆಗೆ ಕಾಳು ಬೀಜವಾಗಿರುತ್ತದೆ, ಎಲ್ಲಿಂದ ಅದು ಬರೀ ಊಟ ಎಂಬ ಗೆರೆಯನ್ನು ಮಕ್ಕಳು ತಾವೇ ಕೊಳೆತ ಬೇಳೆಯ ವಾಸನೆ ನೋಡಿ ಎಳೆದುಕೊಂಡರು.

ಕತ್ತಲಲ್ಲಿ ಬೆಳೆದದ್ದು ಎತ್ತರವಾಯಿತು

ಬೆಳಕಿನ ಪಾಠದಲ್ಲಿ ನಾನು ಎಡವಿದೆ. ಹೆಸರುಕಾಳು ಹಾಕಿದ ಒಂದು ಲೋಟ ಕಿಟಕಿಯಲ್ಲಿ, ಎರಡು ಲೋಟ ಕತ್ತಲ ಪೆಟ್ಟಿಗೆಯಲ್ಲಿ. ಬೆಳಕಿಲ್ಲದ ಗಿಡ ಸೊರಗುತ್ತದೆ, ಮಕ್ಕಳು ನೋಡಿ ತಿಳಿಯುತ್ತಾರೆ ಎಂಬುದು ನನ್ನ ಲೆಕ್ಕ. ಐದನೆಯ ದಿನ ಪೆಟ್ಟಿಗೆ ತೆರೆದರೆ ಒಳಗಿನ ಮೊಳಕೆಗಳು ಕಿಟಕಿಯದ್ದಕ್ಕಿಂತ ಎಷ್ಟೋ ಎತ್ತರವಾಗಿದ್ದವು. ದಾರದಿಂದ ಅಳೆದ ಮಕ್ಕಳು ‘ಕತ್ತಲೆಯೇ ಗೆದ್ದಿತು’ ಎಂದರು. ಎತ್ತರವಾಗುವುದೇ ಬೆಳವಣಿಗೆ ಎಂದು ನಾವೇ ಕಲಿಸಿದ್ದೇವೆ. ಪ್ರತಿ ತಿಂಗಳು ಅವರನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಬರೆದುಕೊಳ್ಳುತ್ತೇವೆ.

ಬೆಳಕನ್ನು ಹುಡುಕಿಕೊಂಡು ದಂಟು ತನ್ನೊಳಗಿದ್ದ ಆಹಾರವನ್ನೆಲ್ಲ ಉದ್ದವಾಗುವುದಕ್ಕೇ ಖರ್ಚು ಮಾಡುತ್ತದೆ, ಬೆಳಕಿಲ್ಲದೆ ಎಲೆಯಲ್ಲಿ ಹಸಿರು ಕೂಡುವುದಿಲ್ಲ. ಇದನ್ನು ನಾಲ್ಕು ವರ್ಷದವರಿಗೆ ವಿವರಿಸಲು ಹೊರಟರೆ ಮಾತು ಸೋಲುತ್ತದೆ. ಹಾಗಾಗಿ ಸುಮ್ಮನಿದ್ದು, ಪೆಟ್ಟಿಗೆ ಮುಚ್ಚಿದೆ. ಆ ದಿನ ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಅಜ್ಜಿಯೊಬ್ಬರು ಪೆಟ್ಟಿಗೆಯೊಳಗೆ ನೋಡಿ, ‘ಪಾಲಿಕೆಯಲ್ಲಿ ಹಾಕಿದ ನವಧಾನ್ಯವೂ ಹೀಗೇ ಹಳದಿಯಾಗಿ ಬರುತ್ತದೆ ಕಣಮ್ಮ’ ಎಂದರು. ದೇವಸ್ಥಾನದ ಉತ್ಸವಕ್ಕೆ, ಮದುವೆಗೆ ಅಂಕುರಾರ್ಪಣೆಯೆಂದು ಪಾಲಿಕೆ ಎಂಬ ಮಣ್ಣಿನ ಪಾತ್ರೆಯಲ್ಲಿ ಧಾನ್ಯ ಬಿತ್ತಿ ಒಳಕೋಣೆಯಲ್ಲಿಟ್ಟ ಮೊಳಕೆಗಳು ಹಾಗೇಕೆ ಎಂದು ನಾನೂ ಅದುವರೆಗೆ ಯೋಚಿಸಿರಲಿಲ್ಲ.

ಎಂಟನೆಯ ದಿನ ಕತ್ತಲೆಯ ಮೊಳಕೆಗಳು ತಮ್ಮ ಭಾರ ತಾವೇ ತಾಳಲಾರದೆ ಬಿದ್ದಿದ್ದವು. ಒಂದು ಲೋಟವನ್ನು ಹೊರಗೆ ತಂದು ಕಿಟಕಿಯಲ್ಲಿಟ್ಟೆ, ಇನ್ನೊಂದನ್ನು ಒಳಗೇ ಬಿಟ್ಟೆ. ಮರುದಿನ ಹೊರಗಿನದಕ್ಕೆ ಹಸಿರು ಹತ್ತಿತ್ತು. ಅದನ್ನು ನೋಡಲು ಚಂದ್ರನ ಹುಡುಗಿ ತನ್ನ ಅಮ್ಮನನ್ನೇ ಎಳೆದುಕೊಂಡು ಬಂದಳು. ಒಳಗಿನದು ಕೆಲವು ದಿನಗಳಲ್ಲಿ ಕೊಳೆಯಿತು. ಎತ್ತರವೊಂದನ್ನೇ ಅಳೆಯಿಸಿದ್ದು ನನ್ನ ತಪ್ಪು. ಬಣ್ಣ, ದಂಟಿನ ದಪ್ಪ, ತಾನಾಗಿ ನಿಲ್ಲುತ್ತದೆಯೇ ಎಂಬುದು, ಇವನ್ನೂ ಮೊದಲಿನಿಂದ ಕೇಳಬೇಕಿತ್ತು.

ನೀರು, ಬೂಷ್ಟು, ಮತ್ತು ಗುಲಾಬಿ ಬಣ್ಣದ ಜೋಳ

ಮೊದಲ ಸುತ್ತಿನ ಚಿಪ್ಪುಗಳಲ್ಲಿ ಆರು ಹುಟ್ಟಲೇ ಇಲ್ಲ. ಅಗೆದದ್ದರಿಂದ ಅಲ್ಲ, ನೀರಿನಿಂದ. ಚಿಪ್ಪಿಗೆ ನಾನು ತೂತು ಮಾಡಿರಲಿಲ್ಲ. ಮಕ್ಕಳು ಅಕ್ಕರೆಯಿಂದ ಲೋಟಗಟ್ಟಲೆ ಸುರಿದರು, ಜೊತೆಗೆ ಬಿಡದೆ ಸುರಿದ ಮಳೆಯ ಥಂಡಿ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿದರೆ ಗಾಳಿಗೆ ಜಾಗವಿಲ್ಲ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಆಮೇಲೆ ಚಿಪ್ಪಿನ ಕಣ್ಣನ್ನು ಮೊಳೆಯಿಂದ ಚುಚ್ಚಿ ತೂತು ಮಾಡಿದೆವು. ಬಾಟಲಿಯ ಮುಚ್ಚಳದಲ್ಲಿ ಎರಡು ಸಲ, ಅಷ್ಟೇ ನೀರು. ಹಾಕುವ ಮೊದಲು ಬೆರಳು ಚುಚ್ಚಿ ನೋಡುವುದು. ಬೆರಳಿಗೆ ಮಣ್ಣು ಅಂಟಿದರೆ ಅದಕ್ಕೆ ಬಾಯಾರಿಕೆಯಿಲ್ಲ. ಮೂರು ವರ್ಷದವರೂ ಈ ಲೆಕ್ಕವನ್ನು ಎರಡೇ ದಿನದಲ್ಲಿ ಹಿಡಿದರು.

ಕಾರ್ಯಕರ್ತೆಯರು ದಯವಿಟ್ಟು ಗಮನಿಸಬೇಕಾದ ಮಾತೊಂದಿದೆ. ಒಬ್ಬರು ಪ್ರೀತಿಯಿಂದ ಮೆಕ್ಕೆಜೋಳದ ಬಿತ್ತನೆ ಬೀಜ ತಂದುಕೊಟ್ಟರು. ಗುಲಾಬಿ ಬಣ್ಣ, ಮಕ್ಕಳ ಕಣ್ಣಿಗೆ ಮಿಠಾಯಿಯಂತೆ. ಆ ಬಣ್ಣ ಔಷಧಿ ಲೇಪಿಸಿರುವುದರ ಗುರುತು. ಅದನ್ನು ಆಗಲೇ ಕಟ್ಟಿ ವಾಪಸು ಕಳಿಸಿದೆ. ಅಂಗಡಿಯ ಬಿತ್ತನೆ ಬೀಜ ಮಕ್ಕಳ ಕೈಗೆ ಬೇಡವೇ ಬೇಡ, ಅಡುಗೆ ಮನೆಯ ಕಾಳೇ ಸಾಕು. ಹರಳು ಬೀಜ, ಗುಲಗಂಜಿ, ದತ್ತೂರಿ ವಿಷ. ಅಂಗಳದ ಸುತ್ತ ಇದ್ದರೆ ಮೊದಲೇ ತೆಗೆಸಿ. ಕಾಳನ್ನು ಎಣಿಸಿ ಕೊಡಿ, ಎಣಿಸಿ ವಾಪಸು ತೆಗೆದುಕೊಳ್ಳಿ. ಮೂಗಿಗೆ ಹೋದ ಕಾಳು ಅಲ್ಲೇ ಉಬ್ಬಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಆಲೂಗಡ್ಡೆಯ ಮಾತೂ ಇದೇ. ಹಾಸನದ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ, ನೆಡುವ ಮೊದಲು ರೈತರು ಔಷಧಿಯಲ್ಲಿ ಅದ್ದುತ್ತಾರೆ. ನಾವು ತರಕಾರಿ ಬುಟ್ಟಿಯಲ್ಲಿ ಕಣ್ಣೊಡೆದಿದ್ದ ಗೆಡ್ಡೆಯನ್ನೇ ನೆಟ್ಟೆವು. ಕಣ್ಣಿರುವ ಹೋಳು ಚಿಗುರಿತು, ಕಣ್ಣಿಲ್ಲದ್ದು ಚಿಗುರಲಿಲ್ಲ. ಹಸಿರಾದ ಸಿಪ್ಪೆ, ಮೊಳಕೆ ತಿನ್ನಬಾರದು ಎಂದು ಹೇಳಿ, ಕೈ ತೊಳೆಸಿದೆ.

ಮೂರು ತಿಂಗಳ ನಂತರ

ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಅದೇ ಬಟ್ಟಲು, ಅದೇ ಕಾಳು. ಒಬ್ಬೊಬ್ಬರನ್ನೇ ಕರೆದು ಕೇಳಿದೆ. ನಾಲ್ಕು ದಾಟಿದವರೆಲ್ಲ ಗಿಡ ಬರುತ್ತದೆ ಎಂದರು. ಹಲವರು ಕೇಳದೆಯೇ ‘ಬೇಳೆಯಿಂದ ಬರುವುದಿಲ್ಲ’ ಎಂದೂ ಸೇರಿಸಿದರು. ಕೊಡೆಯ ಹುಡುಗಿ ‘ಇದು ಕಾಳೂ ಹೌದು, ಬೀಜವೂ ಹೌದು. ಬೇಯಿಸಿದರೆ ಬೀಜ ಅಲ್ಲ’ ಎಂದಳು. ಮೂರು ವರ್ಷದವರಲ್ಲಿ ಹೀಗಾಗಲಿಲ್ಲ. ಅವರಿಗೆ ರಟ್ಟಿನ ಮೇಲಿನ ಸಾಲು ಬರೀ ಅಲಂಕಾರವಾಗಿತ್ತು, ಅವರ ಸಂತೋಷವೆಲ್ಲ ನೀರು ಮತ್ತು ಕೆಸರಿನಲ್ಲಿತ್ತು. ಅವರನ್ನು ಬೆಳಗಿನ ಹೊತ್ತು ಸುತ್ತ ಕೂರಿಸಿ ನೋಡಿ ನೋಡಿ ಎಂದು ಒತ್ತಾಯಿಸಬಾರದಿತ್ತು. ಬಸ್ಸಿಗೆ ಜೀವವಿದೆಯೇ ಎಂಬ ಪ್ರಶ್ನೆಗೆ ಅರ್ಧಕ್ಕರ್ಧ ಮಕ್ಕಳು ಈಗಲೂ ಇದೆ ಎನ್ನುತ್ತಾರೆ. ಅದಕ್ಕೆ ಅವಸರವಿಲ್ಲ.

ಬಾಲವಿಕಾಸ ಸಮಿತಿಯ ಸಭೆಯಲ್ಲಿ ಒಂದು ದೂರೂ ಬಂತು. ಮಗ ಮನೆಯ ಹಿಂದಿನ ಶುಂಠಿ ಪಾತಿಯನ್ನು ಅಗೆದು ನೋಡುತ್ತಾನೆ, ಎರಡು ಬುಡ ಹಾಳಾಯಿತು ಎಂದು ತಾಯಿಯೊಬ್ಬರು ಬೇಸರಪಟ್ಟರು. ಅವರಿಗೆ ಆದ ನಷ್ಟ ನಿಜ, ಕ್ಷಮೆ ಕೇಳಿದೆ. ಪಾತಿಯ ಅಂಚಿನಲ್ಲಿ ಅವನಿಗೆಂದೇ ಒಂದು ಗೇಣು ಜಾಗ ಬಿಟ್ಟು ನಾಲ್ಕು ಕಾಳು ಹಾಕಿಕೊಡಿ ಎಂದೆ. ಕಿಂಡರ್‌ಗಾರ್ಟನ್ ಎಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟ ಶಿಕ್ಷಣತಜ್ಞ ಫ್ರೋಬೆಲ್, ಒಂದೊಂದು ಮಗುವಿಗೂ ತನ್ನದೇ ಆದ ಪುಟ್ಟ ಪಾತಿ ಇರಬೇಕೆಂದಿದ್ದರು. ಇದನ್ನು ಆ ತಾಯಿಗೆ ಹೇಳಲಿಲ್ಲ. ಅವರು ಮಾತ್ರ ಜಾಗ ಬಿಟ್ಟುಕೊಟ್ಟಿದ್ದಾರೆ.

ಜುಲೈಯಲ್ಲಿ ಅಂಗಳಕ್ಕೆ ಇಳಿಸಿದ ಅಲಸಂದೆ ಬಳ್ಳಿಗಳಲ್ಲಿ ಈಗ ಒಣಗಿದ ಕಾಯಿಗಳಿವೆ. ಮೀನಿನ ಹುಡುಗ ಒಂದನ್ನು ಬಿಡಿಸಿ ಹನ್ನೊಂದು ಕಾಳು ಎಣಿಸಿದ, ‘ನಾನು ಒಂದೇ ಹಾಕಿದ್ದೆ’ ಎಂದ. ಎಣಿಸಿದ ಕಾಳನ್ನು ಸಾರಿಗೆ ಕೊಡಲು ಒಪ್ಪದೆ, ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಮಾಡಿ ನನ್ನ ಮೇಜಿನ ಮೇಲಿಟ್ಟ. ಗೋಡೆಯಲ್ಲಿ ಹಳೆಯ ಪಟದ ಕೆಳಗೆ ರಟ್ಟು ತೂಗುತ್ತಿದೆ. ಅದರಲ್ಲಿ ಐದನೆಯ ದಿನದ ಕಾಳು ಕಾಣೆಯಾಗಿದೆ, ಯಾರೋ ಕಿತ್ತು ನೋಡಿದ್ದಾರೆ. ಆ ಜಾಗ ತುಂಬಲು ಇವತ್ತು ಸಂಜೆ ಮೂರು ಕಾಳು ನೆನೆಹಾಕಿದ್ದೇನೆ.